ಟೋಪಿಯೊಳಗಿನ ವಾಚು

ಸಾವಿರದ ಒಂಬೈನೂರ ತೊಂಬತ್ತೆಂಟರಲ್ಲಿ ಏಳನೇ ಕ್ಲಾಸಿಗೆ ಓದು ಬಿಟ್ಟು ಕಬಿನಿ ಹಿನ್ನೀರಿನಲ್ಲಿ ಹರಿಗೋಲು ಹಿಡಿದವನು ನಾನು. ಕೆಲವು ವರ್ಷದ ಹಿಂದೆ, ಭಾನುವಾರ ಅಲ್ಲಿ ಈಜಲು ಬರುತ್ತಿದ್ದ ನಮ್ಮೂರ ಆಸ್ಪತ್ರೆಯ ನರ್ಸಮ್ಮನಿಗೆ ನನ್ನ ಹರಿಗೋಲೇ ಕಾವಲು. ಎಷ್ಟೇ ದಣಿದಿದ್ದರೂ ನೀರಿಗೊಮ್ಮೆ ಅಂಗೈ ಬಡಿದು, "ಇನ್ನೊಂದ್ಸುತ್ತು ಕಣಣ್ಣ" ಎನ್ನುತ್ತಿದ್ದರು.

ಈಜು ಸ್ಪರ್ಧೆಗೆ ಸೇರಲು, ಎರಡು ಕಿಲೋಮೀಟರ್ ಈಜಿದ್ದನ್ನು ಜಿಪಿಎಸ್ ವಾಚಿನಲ್ಲಿ ಅಳೆದು ಕಳಿಸಬೇಕಿತ್ತು. ವಾಚು ಎರಡೂವರೆ ಕಿಲೋಮೀಟರ್ ತೋರಿಸಿತು. ಆದರೆ ಫೋನಿನ ನಕ್ಷೆಯಲ್ಲಿ ಗೆರೆ ಅಂಕುಡೊಂಕಾಗಿ ದಡ ಹತ್ತಿ, ಯಾರದೋ ಹೊಗೆಸೊಪ್ಪಿನ ಹೊಲದಲ್ಲಿ ಓಡಾಡಿತ್ತು.

"ಕಳ್ಸ್‌ಬುಡಿ ನರ್ಸಮ್ಮ, ಯಾರ್ ನೋಡ್ತರೆ?" ಅಂದೆ.

"ಹೊಗೆಸೊಪ್ಪಲ್ಲಿ ಈಜ್ದೋಳು ಅಂತ ನಗಾಡಲ್ವಾ? ಕೈ ಮುಳುಗ್ದಾಗೆಲ್ಲ ಇದ್ಕೆ ಸಿಗ್ನಲ್ ತಪ್ಪೋಯ್ತದೆ ಕಣಣ್ಣ."

ಮುಂದಿನ ಭಾನುವಾರವೇ ಕಳಿಸಲು ಕಡೇ ದಿನ. ಹೊಳೆ ದಾಟುವವರು ಬಟ್ಟೆಯನ್ನು ತಲೆಗೆ ಕಟ್ಟಿಕೊಳ್ಳುವಂತೆ ಅವತ್ತು ಅವರು ವಾಚನ್ನು ಈಜುವ ಟೋಪಿಯೊಳಗೆ ಸಿಕ್ಕಿಸಿಕೊಂಡರು.

"ಇದೇನ್ರವ್ವ, ಕೊಂಬು ಬಂದದೆ!" ಎಂದು ನಾನು ನಕ್ಕೆ.

ಆಚೆ ದಡ ಮುಟ್ಟಿ ಬಂದು ನೋಡಿದರೆ ಗೆರೆ ನೀರಿನಲ್ಲೇ ನೆಟ್ಟಗಿತ್ತು. ಎರಡಕ್ಕೆ ಚೂರೇ ಚೂರು ಕಮ್ಮಿ. ನಾನು ತಲೆ ಮೇಲೆ ಕೈ ಹೊತ್ತೆ. ಅವರು ನೀರಿಗೆ ಅಂಗೈ ಬಡಿದು, ಟೋಪಿ ಎಳೆದುಕೊಂಡು, ಮತ್ತೆ ಧುಮುಕಿದರು.

ಈಗ ನನಗೆ ಎರಡು ಹರಿಗೋಲು, ನಾಲ್ಕು ಬಲೆ, ಒಂದು ಎಮ್ಮೆ, ಆ ಸ್ಪರ್ಧೆಯಲ್ಲಿ ಅವರು ಗೆದ್ದ ಪದಕವನ್ನು ನನ್ನ ಕೊರಳಿಗೆ ಹಾಕಿ ತೆಗೆಸಿದ ಒಂದು ಫೋಟೋ ಇವೆ.