ಸತ್ತ ಮೇಲೆ ಹಾಡು ಕಲಿತ ಹಾಸ್ಯಗಾರ

ನಲವತ್ತರ ದಶಕದಲ್ಲಿ ನಮ್ಮ ನಾಟಕ ಕಂಪನಿ ರಾಯಚೂರು ಸೀಮೆಯ ಊರೂರು ಸುತ್ತುತ್ತಿತ್ತು. ಹಾಸ್ಯಗಾರನ ಹೆಂಡತಿಯ ಪಾರ್ಟು ನನ್ನದು. ಕಲ್ಮಲದ ಕುರುಬರ ಮನೆಯಿಂದ ಬಂದ ಆತನಿಗೆ ಹಾಡು ಬರುತ್ತಿರಲಿಲ್ಲ. ಬಣ್ಣ ಕಪ್ಪು, ಹೊಟ್ಟೆ ಮುಂದೆ. ಆದರೆ ಪರದೆಯ ಸಂದಿಯಿಂದ ಮೂಗು ತೋರಿಸಿದರೂ ಸಾಕು, ಜನ ಬಿದ್ದು ಬಿದ್ದು ನಗುತ್ತಿದ್ದರು. ರಾಜನ ಪಾರ್ಟು ಮಾಡುತ್ತಿದ್ದ ಮಾಲೀಕರಿಗೆ ಅದು ಸಹಿಸುತ್ತಿರಲಿಲ್ಲ.

"ನಾ ಹಾಡುವಾಗ ಯಾಕ ನಗಿಸ್ತೀಯಲೇ?"

"ನಾ ಎಲ್ಲಿ ನಗಿಸ್ತೀನ್ರೀ? ಸುಮ್ಮನ ನಿಂತಿರ್ತೀನಿ. ಹಾಡಾಕತ್ತಿದ್ದು ನೀವಲ್ರೀ?"

ದೇವದುರ್ಗದ ಮೊಕ್ಕಾಮಿನಲ್ಲಿ ಆತ ಜ್ವರ ಬಂದು ತೀರಿಕೊಂಡ. ಬಜಾರಿನ ಅಂಗಡಿಗಳೆಲ್ಲ ಬಾಗಿಲು ಹಾಕಿದವು. ಮಾಲೀಕರೂ ಅತ್ತರು. ಅಳು ನಿಂತ ಮೇಲೆ, ಮಾನ್ವಿಯಲ್ಲಿ ಆತನ ಬದುಕನ್ನೇ ನಾಟಕವಾಗಿ ಆಡುತ್ತೇವೆಂದು ಸಾರಿದರು. ಆತನ ಪಾರ್ಟನ್ನು ತಾವೇ ಇಟ್ಟುಕೊಂಡರು.

ನಾಟಕದಲ್ಲಿ ಹಾಸ್ಯಗಾರ ಮಹಾ ವೈರಾಗಿಯಾಗಿಬಿಟ್ಟಿದ್ದ. ಗ್ರಂಥದ ಭಾಷೆ ಆಡುತ್ತಿದ್ದ, ಮಾತಿಗೊಮ್ಮೆ ಹಾಡುತ್ತಿದ್ದ. ನನಗಿದ್ದದ್ದು ಕಾಲು ಹಿಡಿದು ಅಳುವ ಕೆಲಸ. ಸಾಯುವ ಸೀನಿನಲ್ಲಿ ಮಾಲೀಕರು ಮಲಗಿಕೊಂಡೇ ಮೂರನೆಯ ಹಾಡು ಎತ್ತಿದಾಗ ನೆಲದ ಮೇಲೆ ಕೂತಿದ್ದ ಮುದುಕನೊಬ್ಬ ಎದ್ದು ನಿಂತ.

"ಯಪ್ಪಾ, ಲಗೂನ ಸಾಯಪ್ಪ! ನಮಗ ಸಿರವಾರಕ್ಕ ಹೋಗೂದದ!"

ಇಡೀ ಟೆಂಟು ನಕ್ಕಿತು. ನನಗೂ ತಡೆಯಲಾಗಲಿಲ್ಲ, ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಹೆಂಗಸರ ಕಡೆ ಕೂತಿದ್ದ ಆತನ ನಿಜವಾದ ಹೆಂಡತಿ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡಳು.

"ಹೆಂಗ ಅತ್ತಳು ನೋಡಿದೇನು?" ಎಂದರು ಮಾಲೀಕರು, ಪರದೆ ಬಿದ್ದ ಮೇಲೆ.

ಆ ಕಣ್ಣೀರಿನ ಸುದ್ದಿ ಎಷ್ಟು ದೂರ ಹೋಯಿತೆಂದರೆ, ಮದ್ರಾಸಿನವರೊಬ್ಬರು ಬಂದು ಮಾಲೀಕರು ಕಟ್ಟಿದ ಆ ಕಥೆಯನ್ನೇ ಸಿನಿಮಾ ಮಾಡಿದರು. ಅದು ರಾಯಚೂರಿನ ಟಾಕೀಸಿಗೆ ಬಂದಾಗ ಆಕೆಯನ್ನು ನಾನೇ ಕರೆದುಕೊಂಡು ಹೋದೆ. ಪರದೆಯ ಮೇಲೆ ಬಿಳಿ ಮೈಯ, ಚೂಪು ಮೀಸೆಯ ಯುವಕನೊಬ್ಬ ಹೂದೋಟದಲ್ಲಿ ಹಾಡುತ್ತಿದ್ದ.

"ಇಂವ ಯಾರ ಗಂಡ ಬೇ?" ಎಂದು ಪಿಸುಗುಟ್ಟಿದಳು.

"ನಿನ್ನ ಗಂಡಂತ!"

ಆಕೆ ಕಣ್ಣು ಕಿರಿದು ಮಾಡಿ ನೋಡಿದಳು. "ಚಲೋ ಅದಾನ ಬಿಡು. ಆದ್ರ ನಮ್ಮಾಂವ ಇದ್ದಿದ್ರ ಇವನ ಹಿಂದ ಸುಮ್ಮನ ನಿಲ್ತಿದ್ದ," ಎಂದಳು.

ಆತ ಹಾಗೆ ನಿಂತದ್ದು ನನ್ನ ಕಣ್ಣಿಗೆ ಕಟ್ಟಿತು. ಇಬ್ಬರೂ ಎಷ್ಟು ನಕ್ಕೆವೆಂದರೆ, ಟಾಕೀಸಿನವನು ಬಂದು, "ಸತ್ತವರ ಸಿನಿಮಾ ಅದ, ಮರ್ಯಾದಿ ಇರಲಿ," ಎಂದು ಗದರಿಸಿ ಹೊರಗೆ ಕಳಿಸಿದ.