ಗೂಟದ ಮೇಲಿನ ಕುರಿತೊಗಲು

ನನಗೆ ಮೂಗಿನ ತುದಿಯಲ್ಲೇ ಕೋಪ. ಈ ವಯಸ್ಸಿನಲ್ಲೂ ಅಷ್ಟೇ, ಆಗಂತೂ ಕೇಳಲೇಬೇಡಿ.

ಮಹಾರಾಜರ ಕಾಲ. ಮಧುಗಿರಿ ಬೆಟ್ಟದ ಕಡಿದಾದ ಬಂಡೆಯಲ್ಲಿ ಹೆಜ್ಜೇನು ಕಟ್ಟುತ್ತಿತ್ತು. ನನ್ನ ಅಕ್ಕನ ಗಂಡ, ನನ್ನ ಭಾವ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಮೇಲಿಂದ ಇಳಿದು, ಹಸಿಸೊಪ್ಪಿನ ಹೊಗೆ ಹಾಕಿ ಜೇನುಹುಟ್ಟು ಕುಯ್ಯುತ್ತಿದ್ದ. ಮೇಲೆ ಹಗ್ಗ ಹಿಡಿಯುವವನು ನಾನು. ನಮ್ಮಲ್ಲಿ ಹಗ್ಗವನ್ನು ಹೆಂಡತಿಯ ತಮ್ಮನೋ ಅಣ್ಣನೋ ಹಿಡಿಯಬೇಕು, ಸ್ವಂತ ಒಡಹುಟ್ಟಿದವನ ಕೈಗೆ ಕೊಡುವಂತಿಲ್ಲ. ಒಡಹುಟ್ಟಿದವನಿಗೆ ಹೊಲದ ಪಾಲಿನ ಮೇಲೆ ಕಣ್ಣಿರಬಹುದು. ಹೆಂಡತಿಯ ತಮ್ಮನಾದರೆ ಹಿಡಿದಿರುವುದು ತನ್ನ ಅಕ್ಕನ ತಾಳಿಯನ್ನೇ ಅಲ್ಲವೇ? ಹಗ್ಗ ಭಾವನದು. ಅದು ಬಂಡೆಯಂಚಿಗೆ ಉಜ್ಜದಂತೆ ಅಡಿಗೆ ಹಾಸುವ ಕುರಿತೊಗಲು ನನ್ನದು.

ಒಂದು ಸಂತೆಯ ದಿನ ನಾಲ್ಕು ಜನರ ಮುಂದೆ ಭಾವ ತಮಾಷೆ ಮಾಡಿದ. “ನಮ್ಮ ಬಾಮೈದ ಹಗ್ಗ ಹಿಡಿಯಾದೆಲ್ಲಿ ಬಂತು, ಹಗ್ಗವೇ ಅವನ್ನ ಹಿಡ್ಕಂಡಿರ್ತದೆ!” ಜನ ಬಿದ್ದುಬಿದ್ದು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

“ಅಂಗಾರೆ ನಿಮ್ಮಣ್ಣನ ಕೈಗೇ ಕೊಡು ಹೋಗು,” ಎಂದೆ.

“ಕೊಡ್ತೀನಿ ಕಣ್ಲಾ. ನಿನ್ ಕಾಲು ಹಿಡ್ಕಂತೀನಿ ಅಂದ್ಕಂಡಿದ್ದೀಯಾ?”

ತೊಗಲು ನಮ್ಮ ಮನೆಯ ಗೂಟದಲ್ಲಿತ್ತು. ಕೇಳಲು ಬಂದೇ ಬರುತ್ತಾನೆ, ಬಂದಾಗ ಚೆನ್ನಾಗಿ ಬೈದು, ಆಮೇಲೆ ನಾನೇ ಜೊತೆಗೆ ಹೋದರಾಯಿತು ಎಂದುಕೊಂಡಿದ್ದೆ. ಅವನೂ ಹಠಮಾರಿ, ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ತನ್ನ ಅಣ್ಣನನ್ನು ಕರೆದುಕೊಂಡು ಬೆಟ್ಟ ಹತ್ತಿದ. ಹಗ್ಗದಡಿಗೆ ಗೋಣಿಚೀಲ ಮಡಿಸಿ ಹಾಸಿದನಂತೆ. ಅದು ಜಾರಿಹೋದದ್ದು ಅಣ್ಣನಿಗೆ ತಿಳಿಯಲಿಲ್ಲ. ಅವನು ಹೊಲದ ಮನುಷ್ಯ, ಹಗ್ಗದ ಕೆಲಸ ಅವನಿಗೇನು ಗೊತ್ತು? ಹಗ್ಗ ಕಿತ್ತುಹೋಯಿತು. ಭಾವನನ್ನು ಕಂಬಳಿಯಲ್ಲಿ ಹೊತ್ತು ತಂದರು. ಅಯ್ಯೋ, ನಮ್ಮಕ್ಕನ ಆ ಕೂಗು!

ಊರೆಲ್ಲ ಒಂದೇ ಮಾತು: ಹೊಲದಾಸೆಗೆ ಅಣ್ಣನೇ ಹಗ್ಗ ಕುಯ್ದ. ಪಟೇಲರು ಎಲ್ಲರನ್ನೂ ಕರೆಸಿ, ಹಗ್ಗದ ತುದಿಯನ್ನು ನನ್ನ ಕೈಗಿಟ್ಟರು.

“ನೀನು ಹಗ್ಗ ಬಲ್ಲೋನು. ನೋಡಿ ಹೇಳಪ್ಪ, ಕುಯ್ದಿರಾದೋ ಸವೆದಿರಾದೋ?”

ನಾರು ಎಳೆಎಳೆಯಾಗಿ ಬಿಚ್ಚಿಕೊಂಡಿತ್ತು. ಕುಡುಗೋಲು ತಾಕಿದ್ದರೆ ಹಾಗಿರುವುದಿಲ್ಲ. ಆದರೆ ಸವೆದದ್ದು ಎಂದರೆ, ತೊಗಲೆಲ್ಲಿತ್ತು ಎಂದು ಕೇಳುತ್ತಾರೆ. ಆ ಅಣ್ಣ ನನ್ನ ಮುಖವನ್ನೇ ನೋಡುತ್ತಿದ್ದ.

“ಗೊತ್ತಾಗಾಕಿಲ್ಲ ಸ್ವಾಮಿ,” ಎಂದೆ. ನನ್ನ ಬಾಯಿ ಸೇದಿಹೋಗ!

ಅಷ್ಟೇ ಸಾಕಾಯಿತು. ಅವನ ಜೊತೆ ಮಾತಾಡುವವರೇ ಇಲ್ಲದಂತಾಯಿತು. ತಿಂಗಳೊಳಗೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಪಾವಗಡದ ಕಡೆ ಹೊರಟುಹೋದ. ಏನೂ ತಪ್ಪು ಮಾಡದವನು ತಲೆ ತಗ್ಗಿಸಿಕೊಂಡು ನಡೆದದ್ದನ್ನು ನಾನು ನಮ್ಮ ಬಾಗಿಲಲ್ಲಿ ನಿಂತು ನೋಡಿದೆ. ಕರೆಯಲಿಲ್ಲ.

ತಿಥಿ ಮುಗಿದ ಮೇಲೆ ಅಕ್ಕ ನಮ್ಮ ಮನೆಗೇ ಬಂದುಬಿಟ್ಟಳು. ಗಂಟನ್ನು ಕೆಳಗಿಡುವ ಮೊದಲೇ ಗೂಟದ ಮೇಲೆ ಅವಳ ಕಣ್ಣು ಬಿತ್ತು.

“ಇದು ಇಲ್ಲೇ ಇತ್ತೇನ್ಲಾ?” ಎಂದಳು.

ನಾನು ನೆಲ ನೋಡಿದೆ. ಅವಳು ಗಂಟನ್ನು ಕೆಳಗಿಟ್ಟು, ಒಲೆ ಹಚ್ಚಲು ಒಳಗೆ ಹೋದಳು.

ಅಲ್ಲಿಂದ ಹದಿನೆಂಟು ವರ್ಷ, ಸಾಯುವವರೆಗೂ, ಅಕ್ಕ ನನಗೆ ಮುದ್ದೆ ಬಡಿಸಿದಳು. ಬೈಯಲಿಲ್ಲ, ಊರವರಿಗೆ ಹೇಳಲೂ ಇಲ್ಲ. ಒಮ್ಮೆ ಮಾತ್ರ, ಹುಳ ಹಿಡಿದಿದೆ ಎಂದು ತೊಗಲನ್ನು ಎಸೆಯಲು ಕೈ ಹಾಕಿದೆ.

“ಅಲ್ಲೇ ಇರ್ಲಿ ಬುಡು,” ಎಂದಳು.