ಚಾಮುಂಡಮ್ಮ ಓಗೊಡಲಿಲ್ಲ

ಆಸ್ಪತ್ರೆಯವರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದ ದಿನ ಮಂಜುಶ್ರೀ ತನ್ನ ತಾಯಿಯನ್ನು ಆಂಬುಲೆನ್ಸಿನಲ್ಲಿ ನಜರ್‌ಬಾದಿನ ಬಾಡಿಗೆ ಮನೆಗೆ ಕರೆತಂದಳು. ಕಿರಿದಾದ ಮೆಟ್ಟಿಲಲ್ಲಿ ಸ್ಟ್ರೆಚರು ತಿರುಗಲಿಲ್ಲ. ಕೊನೆಗೆ ಡ್ರೈವರೇ ಚಾಮುಂಡಮ್ಮನನ್ನು ಮಗುವಿನಂತೆ ಎತ್ತಿಕೊಂಡು ಮಹಡಿ ಹತ್ತಿಸಿದ. ಜಗಲಿಯಲ್ಲಿ ಪೇಪರು ಓದುತ್ತ ಕೂತಿದ್ದ ಮನೆ ಮಾಲೀಕ ಶಾಮಣ್ಣನವರು ಎದ್ದು ದಾರಿ ಬಿಟ್ಟರು.

"ಏನಂತೆ ಡಾಕ್ಟ್ರು?" ಎಂದು ಕೇಳಿದರು.

"ಮನೇಲೇ ಇರ್ಲಿ ಅಂದ್ರು ಸಾರ್. ನೋವಿಗೆ ಔಷಧಿ ಕೊಟ್ಟಿದಾರೆ."

ಶಾಮಣ್ಣನವರು ಪೇಪರು ಮಡಚಿದರು. ಅವರಿಗೆ ಅರ್ಥವಾಗಿತ್ತು.

ಚಾಮುಂಡಮ್ಮ ಸುಮ್ಮನೆ ಮಲಗುವ ಹೆಂಗಸಲ್ಲ. ಹೆರಿಗೆ ವಾರ್ಡಿನಲ್ಲಿ ಆಯಾ ಆಗಿ ದುಡಿದು, ಗಂಡ ಸತ್ತ ಮೇಲೂ ಒಬ್ಬಳೇ ಮಗಳನ್ನು ಓದಿಸಿದವಳು. ವಾರ್ಡಿನಲ್ಲಿ ಅವಳ ಗಂಟಲು ಹೆಸರುವಾಸಿ. ಹೆಂಡತಿಯನ್ನು ನೋಡಲೆಂದು ಗಂಡಸರು ಹೊತ್ತಲ್ಲದ ಹೊತ್ತಿನಲ್ಲಿ ನುಗ್ಗಿದರೆ, "ಆಚೆ ನಡೀರಿ, ಎಣ್ಮಕ್ಕಳು ಎಂಗೆಂಗೋ ಮಲಗವ್ರೆ ಇಲ್ಲಿ" ಎಂದು ಬಾಗಿಲವರೆಗೆ ಅಟ್ಟಿಕೊಂಡು ಹೋಗುತ್ತಿದ್ದಳು. ಒಮ್ಮೆ ಕೌನ್ಸಿಲರ್ ಒಬ್ಬರನ್ನೂ ಹಾಗೇ ಅಟ್ಟಿ, ಮೇಟ್ರನ್‌ರಿಂದ ಬೈಸಿಕೊಂಡಿದ್ದಳು. ಈಗ ಹೊಟ್ಟೆಯೊಳಗಿನ ಗಡ್ಡೆ ಅವಳನ್ನು ಒಂದು ಹಿಡಿ ಮಾಡಿತ್ತು. ಬೆನ್ನಿನಲ್ಲಿ ಹುಣ್ಣೆದ್ದು ರವಿಕೆ ತೊಡಿಸುವಂತಿರಲಿಲ್ಲ. ಮೂತ್ರಕ್ಕೆ ಪೈಪು ಹಾಕಿದ್ದರು. ಮೇಲೆ ಹಳೆಯ ಕಾಟನ್ ಸೀರೆಯೊಂದನ್ನು ಹೊದಿಸಿದರೆ ಅದೇ ಅವಳ ಉಡುಗೆ.

ಮಂಜುಶ್ರೀಗೆ ನಲವತ್ತು ದಾಟಿತ್ತು. ಮದುವೆಯಾಗಿ ಒಂದು ವರ್ಷಕ್ಕೇ ಬಿಟ್ಟು ಬಂದವಳು. ರಕ್ತಪರೀಕ್ಷೆಯ ಲ್ಯಾಬೊಂದರ ಕೌಂಟರಿನಲ್ಲಿ ಕೆಲಸ. ರಜೆ ಮುಗಿದುಹೋಗಿತ್ತು. ಬೆಳಿಗ್ಗೆ ಅವ್ವನ ಮೈ ಒರೆಸಿ, ಗಂಜಿ ಕುಡಿಸಿ, ಹೊರಗಿನಿಂದ ಬೀಗ ಹಾಕಿ ಹೋಗುವುದು, ಮಧ್ಯಾಹ್ನ ಬಂದು ಮಗ್ಗುಲು ಬದಲಿಸಿ ಮತ್ತೆ ಓಡುವುದು ಎಂದು ಹೇಗೋ ಹೊಂದಿಸಿಕೊಂಡಳು. ಕೆಳಗಿನ ಶಾರದಮ್ಮ, ಶಾಮಣ್ಣನವರ ಹೆಂಡತಿ, "ನಾನೊಂದು ಸಲ ನೋಡ್ಕೋತೀನಿ ಬಿಡಮ್ಮ" ಎಂದು ನಡುವೆ ಹೋಗಿ ನೀರು ಕುಡಿಸಿ ಬರುತ್ತಿದ್ದರು. ಮನೆಯ ಇನ್ನೊಂದು ಕೀಲಿ ಮೊದಲಿನಿಂದಲೂ ಮಾಲೀಕರ ಬಳಿಯೇ ಇತ್ತು. ನೀರಿನ ಟ್ಯಾಂಕಿಗೆ ಹತ್ತಲು ಬೇಕಾಗುತ್ತದೆ ಎಂದು ಇಟ್ಟುಕೊಂಡಿದ್ದರು. ಶಾರದಮ್ಮ ಬರುತ್ತಿದ್ದದ್ದೂ ಅದರಿಂದಲೇ; ಮಂಜುಶ್ರೀ ಅದರ ಬಗ್ಗೆ ಹೆಚ್ಚು ಯೋಚಿಸಿರಲಿಲ್ಲ.

ಒಂದು ಸಂಜೆ ಅವ್ವ ಹೇಳಿದಳು: "ಇವತ್ತೂ ಆಯಪ್ಪ ಬಂದಿದ್ರು ಕಣವ್ವ."

"ಯಾರವ್ವ?"

"ಶಾಮಣ್ಣನೋರು. ನನ್ನ ಮೂಗಿನತ್ರ ಕೈ ಇಟ್ಕೊಂಡು ನಿಂತಿದ್ರು."

ನೋವಿನ ಔಷಧಿಗೆ ಮಂಪರು ಬರುತ್ತದೆ, ಏನೇನೋ ಕಂಡಂತಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಮಂಜುಶ್ರೀ ಹಾಗೆಂದುಕೊಂಡು ಅವ್ವನ ಹಣೆ ಸವರಿದಳು. ಚಾಮುಂಡಮ್ಮ ಮಗಳ ಮುಖವನ್ನೇ ನೋಡಿದಳು. "ನಾನು ಕಣ್ಣು ಬುಟ್ಟಾಗ ಸರಕ್ಕನೆ ಕೈ ತೆಗೆದ್ರು. ಸುಳ್ಳೇಳ್ತಿಲ್ಲ" ಎಂದಳು.

ಅದಾದ ಕೆಲವು ದಿನಕ್ಕೆ ಲ್ಯಾಬಿನಲ್ಲಿ ಕರೆಂಟು ಹೋಗಿ ಮಂಜುಶ್ರೀ ಬೇಗ ಹೊರಟು ಬಂದಳು. ಮೇಲೆ ಬಾಗಿಲು ಓರೆಯಾಗಿತ್ತು. ಒಳಗೆ ಶಾಮಣ್ಣನವರು ಮಂಚದ ಪಕ್ಕ ಬಗ್ಗಿ ನಿಂತಿದ್ದರು. ಒಂದು ಕೈಯನ್ನು ಬೆನ್ನ ಹಿಂದೆ ಕಟ್ಟಿ, ಇನ್ನೊಂದು ಕೈಯ ಹಿಂಬದಿಯನ್ನು ಅವ್ವನ ಮೂಗಿನ ಬಳಿ ಹಿಡಿದಿದ್ದರು. ಸೆಕೆಗೆ ಸೀರೆ ಜಾರಿ ಅವ್ವನ ಎದೆ ಬರಿದಾಗಿತ್ತು. ಅವಳು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು. ನಿದ್ದೆಯಲ್ಲಿರುವವರು ಹಾಗೆ ರೆಪ್ಪೆ ಬಿಗಿಹಿಡಿಯುವುದಿಲ್ಲ.

"ಏನ್ ಮಾಡ್ತಿದೀರಿ ಸಾರ್?"

ಶಾಮಣ್ಣನವರು ಗಾಬರಿಯಾಗಲಿಲ್ಲ. ಮೆಲ್ಲಗೆ ಬೆನ್ನು ನೆಟ್ಟಗೆ ಮಾಡಿ, ಹೊರಗೆ ಬಾ ಎಂಬಂತೆ ಸನ್ನೆ ಮಾಡಿದರು. ಮಂಜುಶ್ರೀ ಮೊದಲು ಅವ್ವನಿಗೆ ಸೀರೆ ಹೊದಿಸಿ ಆಮೇಲೆ ಹೋದಳು.

"ತಪ್ಪು ತಿಳ್ಕೋಬೇಡಮ್ಮ" ಎಂದರು. "ಇದು ನಮ್ಮ ತಾತ ಅರಮನೆ ಕೆಲಸದಲ್ಲಿದ್ದಾಗ ಕಟ್ಟಿಸಿದ ಮನೆ. ವೈಶಾಖದಲ್ಲಿ ಮೊಮ್ಮಗಳು ಅನನ್ಯನ ಮದುವೆ ಇಟ್ಕೊಂಡಿದೀವಿ. ಚಪ್ಪರ ಇಲ್ಲೇ ಹಾಕ್ಬೇಕು. ಧನಿಷ್ಠಾ ಪಂಚಕದ ಕೆಟ್ಟ ನಕ್ಷತ್ರದಲ್ಲಿ ಸಾವು ಗೀವು ಆಗ್ಬಿಟ್ರೆ ಮನೇನ ತಿಂಗಳುಗಟ್ಟಲೆ ಮುಚ್ಬೇಕಾಗತ್ತೆ. ಉಸಿರು ಕಮ್ಮಿಯಾಗ್ತಿದೆ ಅಂತ ಮೊದಲೇ ಗೊತ್ತಾದ್ರೆ ಆಸ್ಪತ್ರೆಗೆ ಸಾಗಿಸ್ಬಹುದಲ್ವೇ? ಅದಕ್ಕೆ ನೋಡ್ತಿರ್ತೀನಿ. ಆಂಬುಲೆನ್ಸ್ ಖರ್ಚು ನನ್ನದೇ ಇರ್ಲಿ."

ಇಷ್ಟನ್ನೂ ಅವರು ಮೆತ್ತಗೆ, ಒಳ್ಳೆಯ ಮಾತಿನಂತೆಯೇ ಹೇಳಿದರು. ಮಂಜುಶ್ರೀ ಕೈ ಚಾಚಿದಳು.

"ಕೀಲಿ ಕೊಟ್ಬುಡಿ ಸಾರ್."

"ನನ್ನ ಮನೆಗೆ ನಾನು ಬರೋಕೆ ನಿನ್ನ ಅಪ್ಪಣೆ ಬೇಕಾ?" ಆಗ ಮಾತ್ರ ಅವರ ದನಿ ಬದಲಾಯಿತು. "ಬಾಡಿಗೆಗೆ ಕೊಟ್ಟಿದೀನಿ, ಬರೆದು ಕೊಟ್ಟಿಲ್ಲ."

ಲ್ಯಾಬಿನಲ್ಲಿ ರಕ್ತ ತೆಗೆಯುವ ತೇಜಸ್ವಿನಿ ಮಂಜುಶ್ರೀಗೆ ಹತ್ತಿರದ ಗೆಳತಿ. ಅವಳ ಗಂಡ ವಿಜಯ್‌ಕುಮಾರ್ ವಕೀಲ. ಮರುದಿನ ಮಂಜುಶ್ರೀ ಅವನಿಗೆ ಫೋನು ಮಾಡಿ ಎಲ್ಲ ಹೇಳಿದಳು.

"ಮನೆ ಅವರದು, ನಿಜ ಅಕ್ಕ" ಎಂದ ಅವನು. "ಆದ್ರೆ ಬಾಡಿಗೆಗೆ ಕೊಟ್ಟ ಮೇಲೆ ಸ್ವಾಧೀನ ನಿಮ್ಮದು. ರಿಪೇರಿ ಗಿಪೇರಿ ಇದ್ರೆ ಮುಂಚೆ ಹೇಳಿ, ನೀವು ಒಪ್ಪಿದ ಹೊತ್ತಿಗೆ ಬರ್ಬೇಕು. ಕೇಳ್ದೆ ನುಗ್ಗೋಕೆ ಮಾಲೀಕನಿಗೂ ಹಕ್ಕಿಲ್ಲ. ಒಂದು ನೋಟಿಸ್ ಕಳಿಸ್ತೀನಿ. ನೀವು ಇವತ್ತೇ ಬೀಗ ಬದಲಾಯಿಸಿ."

ಅವಳು ಬದಲಾಯಿಸಿದಳು. ಆ ಹೊಸ ಬೀಗ ಶಾಮಣ್ಣನವರನ್ನು ತಡೆದಂತೆ ಶಾರದಮ್ಮನನ್ನೂ ತಡೆಯಿತು. ಈಗ ಅವ್ವನಿಗೆ ನಡುವೆ ಬಾಯಿಗೆ ನೀರು ಬಿಡುವವರಿಲ್ಲ. ಕೌಂಟರಿನಲ್ಲಿ ಜನರ ಹೆಸರು, ವಯಸ್ಸು ಬರೆದುಕೊಳ್ಳುವಾಗಲೂ ಮಂಜುಶ್ರೀಯ ಕಣ್ಣ ಮುಂದೆ ಅವ್ವನ ಒಣಗಿದ ತುಟಿಯೇ. ಶಾರದಮ್ಮನೊಬ್ಬರಿಗೆ ಕೀಲಿ ಕೊಡೋಣವೆಂದರೆ ಅದು ಯಾರ ಕೈ ಸೇರುತ್ತದೆಂದು ಅವಳಿಗೆ ಗೊತ್ತಿತ್ತು.

"ತಪ್ಪು ಮಾಡಿದ್ನಾ ಅವ್ವ?" ಎಂದು ಕೇಳಿದಳು.

"ನೀರಿಲ್ದಿದ್ರೆ ಇರ್ತೀನಿ ಬುಡು" ಎಂದಳು ಚಾಮುಂಡಮ್ಮ. "ಆಯಪ್ಪ ಬರ್ಲಿಲ್ವಲ್ಲ, ಸಾಕು. ಇವತ್ತು ಕಣ್ತುಂಬ ನಿದ್ದೆ ಮಾಡ್ದೆ."

ಆ ನಿದ್ದೆ ಹೆಚ್ಚು ದಿನ ಸಿಗಲಿಲ್ಲ. ವಕೀಲರ ನೋಟಿಸು ಕೈಗೆ ಬಂದ ಮೇಲೆ ಶಾಮಣ್ಣನವರು ಮಂಜುಶ್ರೀಯೊಡನೆ ಮಾತು ಬಿಟ್ಟರು. ಒಂದು ಮಧ್ಯಾಹ್ನ, ಮಂಜುಶ್ರೀ ಬಂದು ಹೋದ ಮೇಲೆ, ಅವರು ಮಹಡಿ ಹತ್ತಿ ಬಾಗಿಲು ತಟ್ಟಿದರು. "ಚಾಮುಂಡಮ್ಮಾ, ಇದೀಯಾ?" ಎಂದು ಕೂಗಿದರು. ಒಳಗಿನಿಂದ ಸದ್ದಿಲ್ಲ. ಮತ್ತೆ ಮತ್ತೆ ಕೂಗಿದರು. ಕಿಟಕಿ ಮುಚ್ಚಿತ್ತು. ಕೆಳಗಿಳಿದು ಬಂದು ಪೊಲೀಸರಿಗೆ ಫೋನು ಹಚ್ಚಿ, ಸಾಯುತ್ತಿರುವ ಮುದುಕಿಯನ್ನು ಮಗಳು ಕೂಡಿಹಾಕಿ ಹೋಗಿದ್ದಾಳೆ, ಕೂಗಿದರೆ ಉತ್ತರವಿಲ್ಲ ಎಂದರು.

ಬಂದವರು ಸಣ್ಣಮಾದಯ್ಯ ಎಂಬ ಹೆಡ್ ಕಾನ್‌ಸ್ಟೇಬಲ್. ಅವರೂ ಬಾಗಿಲು ಬಡಿದು ಕೂಗಿದರು. ಮಂಜುಶ್ರೀಗೆ ಫೋನು ಮಾಡಿದರು. ಲ್ಯಾಬಿನ ನಿಯಮದಂತೆ ಅವಳ ಫೋನು ಡ್ರಾಯರಿನೊಳಗಿತ್ತು. ಅಷ್ಟರಲ್ಲಿ ಬೀದಿಯವರು ಸೇರಿಬಿಟ್ಟಿದ್ದರು. ಪ್ರಾಣ ಹೋಗಿದೆಯೋ ಏನೋ ಎಂಬ ಆತಂಕಕ್ಕೆ ಸಣ್ಣಮಾದಯ್ಯ ಬೀಗ ಒಡೆಯಲು ಒಪ್ಪಿದರು. ಎದುರು ಮನೆಯಿಂದ ಹಾರೆ ಬಂತು.

ಬಾಗಿಲು ತೆರೆದುಕೊಂಡಾಗ ಪೊಲೀಸಿನವರ ಬೆನ್ನಿಗೆ ಜನವೂ ನುಗ್ಗಿತು. ಅವತ್ತು ಬೆನ್ನಿನ ಹುಣ್ಣಿಗೆ ಗಾಳಿಯಾಡಲೆಂದು ಮಂಜುಶ್ರೀ ಅವ್ವನನ್ನು ಬರಿಮೈಯಲ್ಲಿ ಮಗ್ಗುಲಾಗಿ ಮಲಗಿಸಿ, ಸೊಂಟಕ್ಕೆ ಮಾತ್ರ ಬಟ್ಟೆ ಹಾಕಿದ್ದಳು. ಮಂಚದ ಕೆಳಗೆ ಮೂತ್ರದ ಚೀಲ. ಕೋಣೆಯ ತುಂಬ ಔಷಧಿಯ, ಕೀವಿನ ವಾಸನೆ. ಹೆಂಗಸರು ಮೂಗಿಗೆ ಸೆರಗಿಟ್ಟುಕೊಂಡರು. ಯಾರೋ ಮೊಬೈಲು ಎತ್ತಿ ಹಿಡಿದರು. ಚಾಮುಂಡಮ್ಮ ಕಣ್ಣು ಬಿಟ್ಟಳು. ಸತ್ತಿಲ್ಲ, ಸತ್ತಿಲ್ಲ ಎಂದು ಹಿಂದಿನವರಿಗೆ ಮುಂದಿನವರು ಹೇಳಿದರು. ಸಣ್ಣಮಾದಯ್ಯ ತಮ್ಮ ಟೋಪಿ ಕಂಕುಳಿಗೆ ಸಿಕ್ಕಿಸಿ, ಕುರ್ಚಿಯ ಮೇಲಿದ್ದ ದುಪ್ಪಟಿ ಎಳೆದು ಅವಳ ಮೇಲೆ ಹೊದಿಸಿ, ಎಲ್ಲರನ್ನೂ ಗದರಿಸಿ ಹೊರಗೆ ಕಳಿಸಿದರು.

ಸುದ್ದಿ ಗೊತ್ತಾಗಿ ಮಂಜುಶ್ರೀ ಓಡಿ ಬಂದಾಗ ಮೆಟ್ಟಿಲ ತುಂಬ ಜನ ಇನ್ನೂ ನಿಂತಿದ್ದರು. ತಾಯಿಯನ್ನು ಕೂಡಿಹಾಕುವ ಮಗಳು ಹೇಗಿರುತ್ತಾಳೆಂದು ನೋಡುವ ಹಾಗೆ ನೋಡಿದರು. ಅವಳು ಯಾರ ಮುಖವನ್ನೂ ನೋಡದೆ ಒಳಗೆ ಹೋದಳು.

"ತಪ್ಪಾಯ್ತಮ್ಮ" ಎಂದರು ಸಣ್ಣಮಾದಯ್ಯ. "ಅಷ್ಟು ಕೂಗಿದ್ರೂ ಉತ್ರ ಬರ್ಲಿಲ್ಲ. ನಮ್ಗೆ ಏನ್ ಗೊತ್ತಾಗ್ಬೇಕು ಏಳಿ."

ಎಲ್ಲರೂ ಹೋದ ಮೇಲೆ ಮಂಜುಶ್ರೀ ಮುರಿದ ಬಾಗಿಲಿಗೆ ಟೇಬಲ್ಲು ತಳ್ಳಿ ಒತ್ತು ಕೊಟ್ಟು, ಅವ್ವನ ಪಕ್ಕ ಬಂದು ಕೂತಳು.

"ನಂಗೆ ಕೇಳಿಸ್ತಿತ್ತು ಕಣವ್ವ" ಎಂದಳು ಚಾಮುಂಡಮ್ಮ. "ಮೊದಲ್ನೇ ಸಲ ಕೂಗ್ದಾಗ್ಲೇ ಕೇಳಿಸ್ತು. ಓಗೊಟ್ರೆ ಒಳಕ್ಕೆ ಬರೋಕೆ ದಾರಿ ಮಾಡ್ಕೋತಾರೆ ಅಂದ್ಕೊಂಡೆ. ಸುಮ್ಕಿದ್ರೆ ಒಂಟೋಯ್ತಾರೆ ಅಂತ ಉಸಿರು ಇಡ್ಕೊಂಡು ಮಲಗಿದ್ದೆ. ಎಂಗೆ ಬಂದ್ಬುಟ್ರು ನೋಡು ಎಲ್ಲಾರೂ."

ಮಂಜುಶ್ರೀ ಅವ್ವನ ಕೈಗೆ ಹಣೆ ಒತ್ತಿಕೊಂಡು ಅತ್ತಳು. ಚಾಮುಂಡಮ್ಮನ ಕಣ್ಣಿನಲ್ಲಿ ನೀರು ಬರಲಿಲ್ಲ. "ಇಲ್ಲಿಂದ ಕರ್ಕೊಂಡೋಗ್ಬುಡು ನನ್ನ" ಎಂದಳು. ಅವಳ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು.

ತೇಜಸ್ವಿನಿ ಮತ್ತು ವಿಜಯ್‌ಕುಮಾರ್ ಇದ್ದದ್ದು ಹೂಟಗಳ್ಳಿಯಲ್ಲಿ, ಫ್ಯಾಕ್ಟರಿಯೊಂದರ ಕಾಂಪೌಂಡಿನ ಹಿಂದೆ ಕಟ್ಟಿಸಿಕೊಂಡ ಎರಡು ಕೋಣೆಯ ಮನೆಯಲ್ಲಿ. "ನಮ್ಮನೇಲಿ ಪಂಚಕ ಗಿಂಚಕ ಯಾರೂ ನೋಡಲ್ಲ ಕಣೆ, ಕರ್ಕೊಂಡ್ಬಾ" ಎಂದಳು ತೇಜಸ್ವಿನಿ. ಮರುದಿನವೇ ಆಂಬುಲೆನ್ಸ್ ಬಂತು. ಈ ಸಲ ಅವ್ವನನ್ನು ಎತ್ತಿ ಇಳಿಸುವಾಗ ಮಂಜುಶ್ರೀ ಅವಳ ತಲೆಯಿಂದ ಕಾಲಿನವರೆಗೆ ದುಪ್ಪಟಿ ಸುತ್ತಿ ಮುಖ ಮಾತ್ರ ಬಿಟ್ಟಿದ್ದಳು. ಜಗಲಿಯಲ್ಲಿ ಶಾಮಣ್ಣನವರಿರಲಿಲ್ಲ. ಒಳಗಿನ ಕಿಟಕಿಯ ಪರದೆ ಅಲ್ಲಾಡಿತು.

ಹೂಟಗಳ್ಳಿಯ ಆ ಮನೆಯಲ್ಲಿ ಚಾಮುಂಡಮ್ಮ ಒಂದು ವಾರ ಬದುಕಿದಳು. ನೆಮ್ಮದಿಯಾಗಿದ್ದಳು ಎನ್ನುವ ಹಾಗಿಲ್ಲ. ಯಾರು ಕೋಣೆಗೆ ಬಂದರೂ, ಮಗಳೇ ಬಂದರೂ, ಬೆಚ್ಚಿ ಸೀರೆಗೆ ಕೈ ಹಾಕುತ್ತಿದ್ದಳು. ತೇಜಸ್ವಿನಿ ಹೊರಗೇ ನಿಂತು "ಬರ್ಲಾ ಅವ್ವ?" ಎಂದು ಕೇಳಿಯೇ ಕಾಲಿಡುವುದನ್ನು ರೂಢಿ ಮಾಡಿಕೊಂಡಳು. ಅದಕ್ಕೂ ಚಾಮುಂಡಮ್ಮ ಉತ್ತರ ಕೊಡುತ್ತಿರಲಿಲ್ಲ. ಆ ಮಧ್ಯಾಹ್ನದಿಂದಾಚೆಗೆ ಕರೆದವರಿಗೆ ಓಗೊಡುವುದನ್ನೇ ಬಿಟ್ಟುಬಿಟ್ಟಿದ್ದಳು. ಫ್ಯಾಕ್ಟರಿಯಲ್ಲಿ ಪಾಳಿ ಬದಲಾಗುವ ಸೈರನ್ ಕೂಗಿದ ಒಂದು ಬೆಳಿಗ್ಗೆ, ಮಂಜುಶ್ರೀ ಅವ್ವನ ತಲೆ ಬಾಚುತ್ತಿದ್ದಾಗ ಅವ್ವನ ಉಸಿರು ನಿಂತಿತು. ಯಾವ ನಕ್ಷತ್ರವೆಂದು ಯಾರೂ ನೋಡಲಿಲ್ಲ.

ತಿಥಿ ಮುಗಿದ ಮೇಲೆ ಮಂಜುಶ್ರೀ ಸ್ಟೇಷನ್ನಿಗೆ ಹೋಗಿ ದೂರು ಕೊಟ್ಟಳು. ಇನ್ಸ್‌ಪೆಕ್ಟರು ಎರಡೂ ಕಡೆಯವರನ್ನು ಕೂರಿಸಿದರು. "ಶಾಮಣ್ಣನೋರು ವಯಸ್ಸಾದೋರು, ಮನೇಲಿ ಮದುವೆ ಬೇರೆ. ನಿಮ್ಮ ತಾಯಂತೂ ಹೋಗ್ಬಿಟ್ರು. ಇನ್ನೇನಮ್ಮ ಸಾಧಿಸ್ತೀರಿ?" ಎಂದರು.

"ಅವ್ವ ಬದುಕಿದ್ದಾಗ ನಾನು ಬಂದಿದ್ರೆ, ಇನ್ನೂ ಬದುಕಿದಾರಲ್ಲ, ಯಾಕೆ ಗಲಾಟೆ ಅಂತಿದ್ರಿ ಸಾರ್" ಎಂದಳು ಮಂಜುಶ್ರೀ.

ಇನ್ಸ್‌ಪೆಕ್ಟರು ವಿಜಯ್‌ಕುಮಾರನ ಕಡೆ ನೋಡಿದರು. ಅವನು ಫೈಲಿನಿಂದ ನೋಟಿಸಿನ ಪ್ರತಿ ತೆಗೆದು ಮೇಜಿನ ಮೇಲಿಟ್ಟ. ಕೇಳದೆ ಬಾಡಿಗೆದಾರರ ಮನೆಯೊಳಗೆ ಹೋಗುವುದಿಲ್ಲ ಎಂದು ಶಾಮಣ್ಣನವರು ಮುಚ್ಚಳಿಕೆ ಬರೆದುಕೊಟ್ಟರು. ಸಹಿ ಮಾಡಿ ಪೆನ್ನು ಕೆಳಗಿಟ್ಟರು. "ನಾನು ಕೆಟ್ಟದ್ದು ಮಾಡ್ಬೇಕು ಅಂತ ಹೋದೋನಲ್ಲಮ್ಮ" ಎಂದರು. ಅದು ಅವರ ಮಟ್ಟಿಗೆ ನಿಜವೇ ಇರಬಹುದೆಂದು ಮಂಜುಶ್ರೀಗೆ ಅನ್ನಿಸಿತು. ಹಾಗೆ ಅನ್ನಿಸಿದ್ದರಿಂದ ಅವಳ ಸಿಟ್ಟು ಕಡಿಮೆಯಾಗಲಿಲ್ಲ.

ಹೂಟಗಳ್ಳಿಯಲ್ಲೇ ಇದ್ದುಬಿಡು ಎಂದು ತೇಜಸ್ವಿನಿ ಎಷ್ಟೋ ಹೇಳಿದಳು. ಮಂಜುಶ್ರೀ ಒಪ್ಪದೆ ನಜರ್‌ಬಾದಿಗೇ ಮರಳಿದಳು. ಅಗ್ರಿಮೆಂಟು ಮುಗಿಯುವವರೆಗೆ ಅದು ತನ್ನ ಮನೆ ಎಂದಳು. ಬಾಗಿಲು ರಿಪೇರಿ ಮಾಡಿಸಿದಳು. ಲ್ಯಾಬಿಗೆ ಹೋದಳು, ಬಂದಳು. ಮಂಚವನ್ನು ಮಾತ್ರ ಗುಜರಿಯವನಿಗೆ ಕೊಟ್ಟು, ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗಿದಳು.

ವೈಶಾಖದಲ್ಲಿ ಕೆಳಗೆ ಚಪ್ಪರ ಎದ್ದಿತು. ವಾಲಗ ಊದಿದರು. ಅನನ್ಯಳ ಮದುವೆ ಚೆನ್ನಾಗಿಯೇ ಆಯಿತು. ನೆಂಟರು ಹೋದ ಮೇಲೆ ಶಾರದಮ್ಮ ತಟ್ಟೆಯಲ್ಲಿ ಲಾಡು, ಚಿರೋಟಿ, ಎಲೆ ಅಡಿಕೆ ಇಟ್ಟುಕೊಂಡು ಮಹಡಿ ಹತ್ತಿ ಬಂದರು. ಬಾಗಿಲು ತೆರೆದೇ ಇತ್ತು.

"ಒಳಗೆ ಬರ್ಲೇನಮ್ಮ?"

ಮಂಜುಶ್ರೀ ಅನ್ನ ಬಸಿಯುತ್ತಿದ್ದಳು. ತಿರುಗಿ ನೋಡಿ, "ಬೇಡಿ ಶಾರದಮ್ಮ" ಎಂದಳು.

ಶಾರದಮ್ಮ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲೇ ನಿಂತರು. "ಅವತ್ತು ನಾನು ಬೇಡ ಅಂದೆ ಕಣಮ್ಮ ಇವರಿಗೆ. ಪೊಲೀಸು ಗಿಲೀಸು ಬೇಡ, ಮಂಜುಶ್ರೀ ಬರ್ಲಿ ಅಂದೆ."

"ನೀರು ಕುಡಿಸೋಕೆ ಬರ್ತಿದ್ರಿ, ಅದನ್ನ ಮರೆಯಲ್ಲ" ಎಂದಳು ಮಂಜುಶ್ರೀ. "ಅವರು ಬಂದು ನಿಲ್ಲೋದೂ ನಿಮಗೆ ಗೊತ್ತಿತ್ತು."

ಶಾರದಮ್ಮ ಇಲ್ಲವೆನ್ನಲಿಲ್ಲ. ತಟ್ಟೆಯನ್ನು ಹೊಸ್ತಿಲ ಆಚೆಗೇ ಇಟ್ಟು, ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಹೋದರು. ಮಂಜುಶ್ರೀ ಅನ್ನದ ಪಾತ್ರೆ ಕೆಳಗಿಟ್ಟು ಬಂದು ಬಾಗಿಲು ಮುಚ್ಚಿದಳು. ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ಕೂತವಳಿಗೆ ಎಷ್ಟೋ ಹೊತ್ತು ಏಳಬೇಕೆನಿಸಲಿಲ್ಲ.